ಎಚ್‌ಎಂಟಿ ಷೇರು ಕೊಳ್ಳಬೇಕಾ?

ದೇವರಾಯನದುರ್ಗ ಹತ್ತುವಾಗ ಗೆಳೆಯನದು ಒಂದೇ ವರಾತ: "ಎಚ್‌ಎಂಟಿ ಷೇರು ತಗೊಳೋ, ಅದರ ಜಮೀನಿಗೇ ಚಿನ್ನದ ಬೆಲೆ. ಇವತ್ತಲ್ಲ ನಾಳೆ ಯಾರಾದ್ರೂ ಕಂಪನಿ ಕೊಂಡ್ಕೊತಾರೆ."

ಕೊಳ್ಳೋದು ಹೇಗೆ? ಶೇ. 93ಕ್ಕೂ ಹೆಚ್ಚು ಷೇರು ಕೇಂದ್ರ ಸರ್ಕಾರದ ಕೈಲಿದೆ. ಅದು ಮನಸ್ಸು ಮಾಡದೆ ಯಾವ ಸಾಹುಕಾರನಿಗೂ ಕಂಪನಿ ದಕ್ಕದು. ಪೇಟೆಯಲ್ಲಿ ಓಡಾಡುವುದು ಚೂರುಪಾರು ಷೇರು, ಅದಕ್ಕೇ ಸಣ್ಣ ಗಾಳಿಸುದ್ದಿಗೂ ಬೆಲೆ ಜಿಗಿಯುತ್ತದೆ. ಇನ್ನು ಜಮೀನಿನ ಮಾತಿಗೆ ನಮ್ಮ ತುಮಕೂರಿನ ವಾಚ್ ಕಾರ್ಖಾನೆಯದೇ ನೋಡಿ: 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು, ಜಾಗ ಇಸ್ರೋ ಪಾಲಾಯಿತು. ಸರ್ಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ, ಅಷ್ಟೇ.

ಸಿಡಿ ಮಾಡುತ್ತಿದ್ದ ಮೋಸರ್ ಬೇರ್ ಮೇಲೂ ಹೀಗೇ ಆಸೆ ಇಟ್ಟವರಿದ್ದರು. ಜನ ಪೆನ್‌ಡ್ರೈವ್ ಹಿಡಿದರು. 2018ರಲ್ಲಿ ಕಂಪನಿ, ಆಸ್ತಿ ಮಾರಿ ಸಾಲ ತೀರಿಸುವ ಲಿಕ್ವಿಡೇಷನ್‌ಗೆ ಹೋಯಿತು. ಅಂಥ ಕಡೆ ಹಣ ಮೊದಲು ನೌಕರರಿಗೆ, ಬ್ಯಾಂಕಿನವರಿಗೆ. ಷೇರುದಾರ ಸಾಲಿನ ಕೊನೆಯವನು, ಅವನ ಸರದಿ ಬರುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಖಾಲಿ.

ಎಚ್‌ಎಂಟಿ ಮೇಲೆ ಅಷ್ಟು ಪ್ರೀತಿಯಿದ್ದರೆ ವಾಚ್ ತಗೊಳ್ಳಿ. ಷೇರು ಬೇಡ.