ಬಲಗಾಲು ಮತ್ತು ಲೆಕ್ಕದ ಪುಸ್ತಕ

ಸಂಸಾರಿಯ ಸಣ್ಣ ಕಾರಿಗೆ ಒಡೆಯರು ಇಬ್ಬರು: ಯಜಮಾನನ ಬಲಗಾಲು, ಗೃಹಿಣಿಯ ಲೆಕ್ಕದ ಪುಸ್ತಕ. 1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಲ್ಲಿ ಆ ದಂಪತಿಗಳು ಸೊರಬದಿಂದ ಗುಡವಿಯ ಪಕ್ಷಿಧಾಮಕ್ಕೆ ಹೊರಟಿದ್ದರು. ಬರಿದಾದ ರಸ್ತೆ ಕಂಡೊಡನೆ ಪತಿಯ ಕಾಲು ಭಾರವಾಯಿತು, ಎಂಜಿನ್ ಹಾಡತೊಡಗಿತು. ವೇಗ ಇಮ್ಮಡಿಸಿದರೆ ಗಾಳಿಯ ತಡೆ ನಾಲ್ಮಡಿಸುತ್ತದೆ; ಆ ಸಾಲವನ್ನು ಪೆಟ್ರೋಲೇ ತೀರಿಸಬೇಕು. ಮಡದಿ ಮಾತಾಡದೆ ಪುಸ್ತಕ ತೆರೆದಳು. ಅದರಲ್ಲಿ ಪೆಟ್ರೋಲಿನ ಕೆಳಗೇ ಮಗಳ ಕಾಲೇಜಿನ ಶುಲ್ಕವಿತ್ತು.

ಗುಡವಿಯ ಕೆರೆಯ ಮೇಲೆ ಕೆಂಬರಲೊಂದು ನಾಲ್ಕಾರು ಬಾರಿ ರೆಕ್ಕೆ ಬಡಿದು, ಬಳಿಕ ರೆಕ್ಕೆ ಹರಡಿ ಸುಮ್ಮನೆ ತೇಲಿತು. ಇಬ್ಬರೂ ಬಹಳ ಹೊತ್ತು ನೋಡಿದರು.

ಮರಳುವಾಗ ಕಾರು ಹದವಾದ ವೇಗದಲ್ಲೇ ಸಾಗಿತು. ಸೊರಬ ಸಮೀಪಿಸಿದಾಗ ನೇರವಾದ ದಾರಿಯೊಂದು ತೆರೆಯಿತು. ಆಕೆಯೇ ಮೆಲ್ಲನೆ ಹೇಳಿದಳು:

"ಇದೊಂದು ನಿಮ್ಮ ಪಾಲಿನದು, ಇದನ್ನು ನಾನು ಬರೆಯುವುದಿಲ್ಲ."