ದೇಹದೊಳಗಿನ ಲಗಾಮು

ಉರ್ದು ಶಾಲೆಯಲ್ಲಿ ನಾವು ಜೀವಕೋಶವನ್ನು ‘ಖಲಿಯಾ’ ಎಂದು ಕಲಿತೆವು, ಪ್ರೊಟೀನನ್ನು ‘ಲಹ್ಮಿಯಾ’ ಎಂದು. ಮಾಂಸ ಎಂಬರ್ಥದ ‘ಲಹ್ಮ್’ನಿಂದ ಬಂದ ಪದ. ಮುಂದೆ ಕನ್ನಡದ ಪುಸ್ತಕದಲ್ಲಿ ಅದೇ ‘ಸಸಾರಜನಕ’ವಾಗಿ ಸಿಕ್ಕಿತು. ಎರಡೂ ಕಡೆ ಅದು ತಿನ್ನುವ ವಸ್ತುವೇ: ಮೊಟ್ಟೆ, ಬೇಳೆ, ಮಾಂಸ. ಈ ಪ್ರೊಟೀನುಗಳು ಒಂದನ್ನೊಂದು ಹಿಡಿದು, ಬಿಟ್ಟು, ನಮ್ಮೊಳಗೆ ಸುದ್ದಿ ಸಾಗಿಸುತ್ತವೆಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ತಿಳಿಯುವ ಅಗತ್ಯ ಬಿದ್ದದ್ದು ನಮ್ಮ ಆಪಾಗೆ ರುಮಟಾಯ್ಡ್ ಸಂಧಿವಾತ ಶುರುವಾದಾಗ. ಬೆಳಿಗ್ಗೆ ಎದ್ದರೆ ಬೆರಳು ಮಡಚಲಾಗದು. ನಜರ್ ತಾಗಿದೆ ಎಂದರು ನೆರೆಯವರು. ‘ಹೊರಗಿನವರು ಯಾರೂ ಅಲ್ಲಮ್ಮ, ನಿಮ್ಮ ರಕ್ಷಣಾ ಪಡೆಯೇ ನಿಮ್ಮ ಕೀಲುಗಳ ಮೇಲೆ ಬಿದ್ದಿದೆ’ ಎಂದರು ವೈದ್ಯರು.

ಆ ಪಡೆಯ ಮುಖ್ಯ ಸಿಪಾಯಿ ಟಿ ಕೋಶ. ಅದರ ಮೈಮೇಲಿನ ಗ್ರಾಹಕವು ರೋಗಾಣುವಿನ ತುಣುಕನ್ನು ಗುರುತಿಸಿದೊಡನೆ, ಒಳಗಿನ ಎಲ್‌ಸಿಕೆ ಎಂಬ ಪ್ರೊಟೀನು ಗ್ರಾಹಕದ ಬಾಲಕ್ಕೆ ಫಾಸ್ಫೇಟಿನ ಗುರುತು ಹಾಕುತ್ತದೆ. ಆ ಗುರುತಿಗೆ ಝಾಪ್-70 ಬಂದು ಅಂಟಿಕೊಂಡು ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತದೆ. ಝಾಪ್-70 ಕೆಟ್ಟು ಹುಟ್ಟಿದ ಮಕ್ಕಳಿಗೆ ಸಾಮಾನ್ಯ ಸೋಂಕೂ ಪ್ರಾಣಕ್ಕೆ ಎರವಾಗಬಲ್ಲದು. ಆದರೂ ಇಷ್ಟೇ ಸಾಲದು. ಸಿಡಿ28 ಎಂಬ ಇನ್ನೊಂದು ಪ್ರೊಟೀನು ಎದುರಿನ ಕೋಶದ ಬಿ7ನ ಕೈ ಹಿಡಿಯಬೇಕು. ಬ್ಯಾಂಕಿನ ಲಾಕರಿಗೆ ಎರಡು ಕೀಲಿ ಬೇಕಲ್ಲ, ಹಾಗೆ.

ಹೊರಟ ಪಡೆಯನ್ನು ನಿಲ್ಲಿಸುವವರು ಯಾರು? ನಮಗೆ ಕತೆಗಾರರಿಗೆ ಇದೇ ರುಚಿಯ ಭಾಗ. ಸಿಟಿಎಲ್‌ಎ-4 ಕೂಡ ಬಿ7ನ ಕೈಯನ್ನೇ ಹಿಡಿಯುತ್ತದೆ, ಸಿಡಿ28ಗಿಂತ ಬಹಳ ಬಿಗಿಯಾಗಿ. ಹಿಡಿಯಲು ಕೈ ಸಿಗದೆ ಸಿಡಿ28 ತಣ್ಣಗಾಗುತ್ತದೆ. 1995ರಲ್ಲಿ ಸಿಟಿಎಲ್‌ಎ-4 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಮೂರು-ನಾಲ್ಕು ವಾರಗಳಲ್ಲೇ ಸ್ವಂತ ಟಿ ಕೋಶಗಳ ಹಾವಳಿಗೆ ಅವು ಸತ್ತವು.

ಅಮೆರಿಕದ ಜೇಮ್ಸ್ ಆಲಿಸನ್ ಈ ಲಗಾಮನ್ನು ಬೇಕೆಂದೇ ಸಡಿಲಿಸಿದರು. 1996ರಲ್ಲಿ ಇಲಿಗಳ ಕ್ಯಾನ್ಸರ್ ಗೆಡ್ಡೆಗಳು ಕರಗಿದ್ದನ್ನು ಪ್ರಕಟಿಸಿದರು. 2011ರಲ್ಲಿ ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗೆ ಔಷಧಿಯಾಯಿತು. ಪಿಡಿ-1 ಎಂಬ ಇನ್ನೊಂದು ಲಗಾಮನ್ನು ಕಂಡ ಜಪಾನಿನ ತಸುಕು ಹೊಂಜೊ ಅವರೊಂದಿಗೆ 2018ರ ನೊಬೆಲ್ ಬಂತು.

ಆಪಾಗೆ ಬೇಕಾದದ್ದು ಇದರ ಉಲ್ಟಾ. ಸಿಟಿಎಲ್‌ಎ-4ರ ಭಾಗದಿಂದಲೇ ಮಾಡಿದ, ಬಿ7ನ ಕೈಯನ್ನು ಮೊದಲೇ ಹಿಡಿದುಬಿಡುವ ಅಬಾಟಸೆಪ್ಟ್ 2005ರಿಂದಲೇ ಇದೆ. ವೈದ್ಯರು ಬರೆದುಕೊಟ್ಟರು. ಬೆಲೆ ಕೇಳಿ ನಾವು ಚೀಟಿ ಮಡಚಿಟ್ಟೆವು. ಸದ್ಯ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ.

ಇದನ್ನೆಲ್ಲ ವಿವರಿಸಿದಾಗ ಆಪಾ ಕೇಳಿದರು: ‘ಕ್ಯಾನ್ಸರಿನವರಿಗೆ ಲಗಾಮು ಬಿಚ್ಚುತ್ತಾರಲ್ಲ, ಅವರ ಕೀಲು ನೋಯುವುದಿಲ್ಲವಾ?’

ಕೆಲವರಿಗೆ ನೋಯುತ್ತದೆ. ಕರುಳು, ಚರ್ಮ, ಕೀಲುಗಳ ಉರಿಯೂತ ಆ ಚಿಕಿತ್ಸೆಯ ಪರಿಚಿತ ಅಡ್ಡಪರಿಣಾಮ.