ಸಮಾಜ ಪಾಠದ ವಿದ್ಯಾರ್ಥಿ

ಗಣಿತದ ತರಗತಿಯಲ್ಲಿ ತನ್ನಿಂದ ಏನನ್ನು ನಿರೀಕ್ಷಿಸುತ್ತಾರೆಂಬುದು ವಿದ್ಯಾರ್ಥಿಗೆ ಚೆನ್ನಾಗಿ ಗೊತ್ತಿರುತ್ತದೆ. ಲೆಕ್ಕ ಸರಿಯಾಗಬೇಕು, ಉತ್ತರ ತಾಳೆಯಾಗಬೇಕು. ಭಾಷೆಯ ತರಗತಿಯಲ್ಲಿ ಓದು ಶುದ್ಧವಾಗಿರಬೇಕು, ಬರಹ ದುಂಡಗಿರಬೇಕು. ಸಮಾಜ ಪಾಠದ ವಿಷಯದಲ್ಲಿ ಮಾತ್ರ ಇಂಥ ಸ್ಪಷ್ಟತೆ ಇಲ್ಲ. ಇಸವಿಗಳನ್ನು ಉರುಹೊಡೆದು, ರಾಜವಂಶಗಳ ಹೆಸರನ್ನು ಒಪ್ಪಿಸಿ, ಭೂಪಟದ ನದಿಗಳಿಗೆ ನೀಲಿ ಬಣ್ಣ ಎಳೆದುಬಿಟ್ಟರೆ ಕರ್ತವ್ಯ ಮುಗಿಯಿತೆಂದು ಅನೇಕ ಮಕ್ಕಳು ಭಾವಿಸುತ್ತಾರೆ. ಪರೀಕ್ಷೆಯ ಮರುದಿನವೇ ಆ ಇಸವಿಗಳು ಬೆಸುಗೆ ಬಿಟ್ಟ ಪಾತ್ರೆಯ ನೀರಿನಂತೆ ಸೋರಿಹೋಗುತ್ತವೆ. ಹಾಗಾದರೆ ಈ ಪಾಠವು ವಿದ್ಯಾರ್ಥಿಯಿಂದ ನಿಜವಾಗಿ ಬಯಸುವುದೇನು? ಕಾರ್ಕಳ ತಾಲೂಕಿನ ಅಜೆಕಾರಿನಂಥ ಒಂದು ಊರಿನಲ್ಲಿ ನಿಂತು ಸುತ್ತಲೂ ನೋಡಿದರೆ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಅಜೆಕಾರು ಪಶ್ಚಿಮ ಘಟ್ಟಗಳ ಬುಡಕ್ಕೆ ಸಮೀಪದ ಊರು. ಪೇಟೆ ಚಿಕ್ಕದು, ಅದರ ಸುತ್ತ ಗುಡ್ಡಗಳು, ತೋಟಗಳು, ಗದ್ದೆಗಳು. ಇಲ್ಲಿನ ಶಾಲೆಯ ಬೆಂಚಿನ ಮೇಲೆ ಕುಳಿತ ಮಕ್ಕಳಲ್ಲಿ ಒಬ್ಬನ ಮನೆಮಾತು ತುಳು, ಇನ್ನೊಬ್ಬಳದು ಕೊಂಕಣಿ, ಮತ್ತೊಬ್ಬನದು ಕನ್ನಡ. ಇವರೆಲ್ಲರೂ ದಿನವೂ ಗದ್ದೆಯ ಹುಣಿಯ ಮೇಲೆಯೋ ಗುಡ್ಡದ ಕಾಲುದಾರಿಯಲ್ಲಿಯೋ ನಡೆದವರ ಮನೆಯ ಮಕ್ಕಳು. ಆ ನೆಲವನ್ನು ಕಂಡವರೇ ಹೊರತು ನೋಡಿದವರು ಕಡಮೆ. ಸಮಾಜ ಪಾಠದ ಮೊದಲನೆಯ ನಿರೀಕ್ಷೆ ಈ ನೋಟವೇ ಆಗಿದೆ.

ತುಳುನಾಡಿನ ರೈತನು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ತಗ್ಗಿನಲ್ಲಿ ನೀರು ನಿಲ್ಲುವ ನೆಲ ಬೈಲು. ಅಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳನ್ನು ತೆಗೆಯಬಹುದು. ಅದಕ್ಕಿಂತ ಎತ್ತರದ ಮಜಲಿನಲ್ಲಿ ಎರಡು ಬೆಳೆ. ಮಳೆಯ ನೀರನ್ನಷ್ಟೇ ನಂಬಿದ ಬೆಟ್ಟುಗದ್ದೆಯಲ್ಲಿ ಒಂದೇ ಬೆಳೆ. ಮಳೆ, ಮಣ್ಣು, ನೆಲದ ಇಳಿಜಾರು ಇವುಗಳು ಮನುಷ್ಯನ ಜೀವನವನ್ನು ಹೇಗೆ ರೂಪಿಸುತ್ತವೆಂಬ ಭೂಗೋಳದ ಮುಖ್ಯ ತತ್ತ್ವವೆಲ್ಲ ಈ ಮೂರು ಶಬ್ದಗಳಲ್ಲಿ ಅಡಗಿದೆ. ಈಜಿಪ್ಟಿನ ನೈಲ್ ನದಿಯ ಬಯಲಿನ ಬಗ್ಗೆ ಎರಡು ಪುಟ ಬರೆಯಬಲ್ಲ ಹುಡುಗನಿಗೆ ತನ್ನ ಅಜ್ಜ ಯಾವ ಗದ್ದೆಯನ್ನು ಬೈಲು ಎನ್ನುತ್ತಿದ್ದನೆಂಬುದು ತಿಳಿಯದಿದ್ದರೆ, ಅವನ ಕಲಿಕೆ ಬೇರಿಲ್ಲದ ಗಿಡದಂತೆ. ದೂರದ್ದನ್ನು ಅರಿಯಬೇಕು, ನಿಜ. ಆದರೆ ಅದನ್ನು ಅಳೆಯುವ ಕೋಲು ಹತ್ತಿರದಲ್ಲಿಯೇ ಸಿಗಬೇಕು.

ಎರಡನೆಯ ನಿರೀಕ್ಷೆ ಕಾಲದ ಪ್ರಜ್ಞೆ. ಇಸವಿಯೆಂದರೆ ಬರಿಯ ಅಂಕಿಯಲ್ಲ. ಅದರ ಹಿಂದೆ ಮನುಷ್ಯರ ಬದುಕು ಮಗ್ಗುಲು ಬದಲಿಸಿದ ಸದ್ದಿದೆ. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕರಾವಳಿಯ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪೆನಿಯ ವಶಕ್ಕೆ ಬಂತು. ಮುಂದೆ ಅದು ಉತ್ತರ, ದಕ್ಷಿಣ ಎಂದು ಎರಡಾಗಿ, 1862ರಲ್ಲಿ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕೆನರಾ ಮದರಾಸಿನಲ್ಲಿಯೇ ಉಳಿಯಿತು. 1956ರ ನವೆಂಬರ್ 1ರಂದು ದಕ್ಷಿಣ ಕೆನರಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಕಾಸರಗೋಡು ತಾಲೂಕು ಕೇರಳದ ಪಾಲಾಯಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಇವು ಪುಸ್ತಕದಲ್ಲಿ ಒಣ ವಾಕ್ಯಗಳು. ಆದರೆ 1950ರಲ್ಲಿ ಅಜೆಕಾರಿನಲ್ಲಿ ಹುಟ್ಟಿ ಅಲ್ಲಿಯೇ ಬಾಳಿದ ಒಬ್ಬ ಅಜ್ಜಿಯನ್ನು ನೆನೆದುಕೊಳ್ಳೋಣ. ಆಕೆ ಮನೆಯ ಹೊಸ್ತಿಲನ್ನು ಬಿಟ್ಟು ಬೇರೆ ಊರಿಗೆ ಹೋಗಲಿಲ್ಲ; ಆದರೂ ಮದರಾಸು, ಮೈಸೂರು, ಕರ್ನಾಟಕ ಎಂದು ಮೂರು ಹೆಸರಿನ ರಾಜ್ಯಗಳಲ್ಲಿ, ಎರಡು ಜಿಲ್ಲೆಗಳಲ್ಲಿ ಬಾಳಿದಳು. ಗಡಿಗಳು ಹೇಗೆ ಚಲಿಸುತ್ತವೆ, ಆಡಳಿತದ ಭಾಷೆ ಹೇಗೆ ಬದಲಾಗುತ್ತದೆ ಎಂಬುದನ್ನು ಆಕೆಯ ಬಾಳಿನ ಜತೆಗಿಟ್ಟು ಓದಿದ ವಿದ್ಯಾರ್ಥಿಗೆ ಆ ಇಸವಿಗಳು ಮರೆಯಲಾರವು.

ಮೂರನೆಯ ನಿರೀಕ್ಷೆ ಇನ್ನೂ ಕಠಿನವಾದುದು. ಕೇಳಿದ್ದನ್ನೆಲ್ಲ ನಂಬದೆ, ನಂಬದಿದ್ದುದನ್ನೆಲ್ಲ ಎಸೆಯದೆ, ಆಧಾರವನ್ನು ತೂಗಿ ನೋಡುವ ವಿವೇಕ ಅದು. ಅಜೆಕಾರಿಗೆ ಕಾರ್ಕಳ ಹೆಚ್ಚು ದೂರವಲ್ಲ. ಅಲ್ಲಿಯ ಬಂಡೆಯ ಮೇಲೆ 42 ಅಡಿ ಎತ್ತರದ ಗೊಮ್ಮಟಮೂರ್ತಿ ನಿಂತಿದೆ. ಅದನ್ನು 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದನೆಂದು ಅಲ್ಲಿಯ ಶಾಸನ ಸಾರುತ್ತದೆ. ತುಳು ಪಾಡ್ದನ ಬೇರೊಂದು ಕಥೆಯನ್ನು ಹೇಳುತ್ತದೆ. ಮೂರ್ತಿಯನ್ನು ಕಡೆದ ಶಿಲ್ಪಿ ಬೀರ ಕಲ್ಕುಡ. ಇಂಥದೇ ಇನ್ನೊಂದನ್ನು ಬೇರೆಲ್ಲಿಯೂ ಮಾಡಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಆದರೂ ಛಲ ಬಿಡದೆ ಅವನು ವೇಣೂರಿಗೆ ಹೋಗಿ ಅಲ್ಲಿಯೂ ಒಂದು ಗೊಮ್ಮಟನನ್ನು ಕಡೆದನು. ವೇಣೂರಿನ ಮೂರ್ತಿಯನ್ನು ತಿಮ್ಮರಾಜ ಅಜಿಲನು ಪ್ರತಿಷ್ಠಾಪಿಸಿದ್ದು 1604ರಲ್ಲಿ. ಎರಡಕ್ಕೂ ನಡುವೆ 172 ವರ್ಷಗಳ ಅಂತರ. ಒಬ್ಬನೇ ಶಿಲ್ಪಿ ಎರಡನ್ನೂ ಮಾಡಿರಲಾರನೆಂದು ಕಳೆಯುವ ಲೆಕ್ಕ ಬಲ್ಲ ಯಾವ ಮಗುವಾದರೂ ಹೇಳೀತು.

ಹಾಗೆಂದು ಪಾಡ್ದನ ಸುಳ್ಳೆಂದು ಬದಿಗೆ ಸರಿಸಬಹುದೇ? ಅಲ್ಲಿಯೇ ಅವಸರದ ವಿದ್ಯಾರ್ಥಿ ಎಡವುತ್ತಾನೆ. ಶಾಸನವು ಮೂರ್ತಿಯನ್ನು ಮಾಡಿಸಿದವನನ್ನು ನೆನೆಯುತ್ತದೆ. ಪಾಡ್ದನವು ಅದನ್ನು ಮಾಡಿದವನನ್ನು ನೆನೆಯುತ್ತದೆ. ಉಳಿ ಹಿಡಿದು ಕಲ್ಲನ್ನು ಕಡೆದ ಜನರ ನೋವನ್ನೂ ಸಿಟ್ಟನ್ನೂ ಹೆಮ್ಮೆಯನ್ನೂ ಕಾಪಾಡಿಕೊಂಡು ಬಂದದ್ದು ಆ ಹಾಡು. ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿ ದೈವಗಳಾಗಿ ಇಂದಿಗೂ ಆರಾಧನೆ ಪಡೆಯುತ್ತಿದ್ದಾರೆ. ಕಾಲವನ್ನು ತಿಳಿಯಲು ಶಾಸನ ಬೇಕು. ಜನಮನವನ್ನು ತಿಳಿಯಲು ಪಾಡ್ದನ ಬೇಕು. ಯಾವ ಆಧಾರದಿಂದ ಯಾವ ಪ್ರಶ್ನೆಗೆ ಉತ್ತರ ಪಡೆಯಬೇಕೆಂಬುದನ್ನು ಅರಿತವನೇ ಇತಿಹಾಸದ ವಿದ್ಯಾರ್ಥಿ. ತುಳುನಾಡಿನ ಊರೂರುಗಳನ್ನು ಸುತ್ತಿ, ದೇಗುಲಗಳನ್ನೂ ಶಿಲ್ಪಗಳನ್ನೂ ಕಣ್ಣಾರೆ ಕಂಡು, 1975ರಲ್ಲಿ ಈ ನಾಡಿನ ಇತಿಹಾಸ ಮತ್ತು ಸಂಸ್ಕೃತಿಯನ್ನು ಕುರಿತ ಬೃಹದ್ಗ್ರಂಥವನ್ನು ಹೊರತಂದ ಪಾದೂರು ಗುರುರಾಜ ಭಟ್ಟರು ಅಧ್ಯಾಪಕರಾಗಿದ್ದವರು. ಇತರರು ಹೇಳಿದ್ದನ್ನು ಕೇಳಿ ಸುಮ್ಮನಿರದೆ ಹೋಗಿ ನೋಡುವುದೆಂದರೇನೆಂಬುದಕ್ಕೆ ಅವರ ಶ್ರಮವೇ ನಿದರ್ಶನ.

ನಾಲ್ಕನೆಯ ನಿರೀಕ್ಷೆ ಪಕ್ಕದಲ್ಲಿ ಕುಳಿತವನ ಮಾತನ್ನು ಕೇಳುವುದು. ಇದು ಶಿಸ್ತಿನ ಮಾತಷ್ಟೇ ಅಲ್ಲ. ಭೂಸುಧಾರಣೆಯ ಪಾಠವನ್ನೇ ತೆಗೆದುಕೊಳ್ಳಬಹುದು. ದಕ್ಷಿಣ ಕನ್ನಡದಲ್ಲಿ ಹಿಂದೆ ಬಹುಪಾಲು ಗದ್ದೆಗಳನ್ನು ಗೇಣಿದಾರರು ಬೇಸಾಯ ಮಾಡುತ್ತಿದ್ದರು. ಮೂಲಗೇಣಿಯವನಿಗೆ ಶಾಶ್ವತವಾದ ಹಕ್ಕಿತ್ತು. ಚಾಲಗೇಣಿಯವನು ಒಡೆಯನ ಮರ್ಜಿಯಲ್ಲಿ ಬಾಳಬೇಕಿತ್ತು. ಬೆಳೆ ಕೈಕೊಟ್ಟ ವರ್ಷವೂ ಅಕ್ಕಿಯ ಮುಡಿಗಳನ್ನು ಒಡೆಯನ ಅಂಗಳಕ್ಕೆ ಮುಟ್ಟಿಸಬೇಕಿತ್ತು. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ತಿದ್ದುಪಡಿಯಾದ ಭೂಸುಧಾರಣಾ ಶಾಸನವು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನು ಕೊನೆಗಾಣಿಸಿತು. ಗೇಣಿದಾರರು ‘ಡಿಕ್ಲರೇಶನ್’ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಉಳುವ ನೆಲದ ಹಕ್ಕನ್ನು ಪಡೆದರು. ತಲೆತಲಾಂತರದಿಂದ ಬಗ್ಗಿದ್ದ ಬೆನ್ನುಗಳು ನೆಟ್ಟಗಾದವು. ಅದೇ ವೇಳೆಗೆ, ಬರುವ ಅಲ್ಪ ಗೇಣಿಯೊಂದನ್ನೇ ನಂಬಿದ್ದ ಸಣ್ಣ ಹಿಡುವಳಿಯ ವಿಧವೆಯರಂಥವರು ಕೈ ಬರಿದಾಗಿ ಕುಳಿತದ್ದೂ ಉಂಟು.

ಈ ಪಾಠ ನಡೆಯುವಾಗ, ಅಂದು ಹಕ್ಕು ಪಡೆದವರ ಮೊಮ್ಮಗಳೂ ಭೂಮಿ ಕಳೆದುಕೊಂಡವರ ಮೊಮ್ಮಗನೂ ಒಂದೇ ತರಗತಿಯಲ್ಲಿ ಕುಳಿತಿರುತ್ತಾರೆ. ಇಬ್ಬರೂ ಮನೆಯಲ್ಲಿ ಕೇಳಿದ್ದು ಬೇರೆ ಬೇರೆ ಕಥೆ. ‘ನಿಮ್ಮವರು ಕಸಿದುಕೊಂಡರು’ ಎಂದು ಒಬ್ಬನು, ‘ನಿಮ್ಮವರು ಹೀರಿದರು’ ಎಂದು ಇನ್ನೊಬ್ಬಳು ಅಂದುಬಿಟ್ಟರೆ ತರಗತಿ ಜಗಳದ ಕಟ್ಟೆಯಾಗುತ್ತದೆ. ನೋವಾದೀತೆಂದು ಅಧ್ಯಾಪಕರು ಪಾಠವನ್ನು ಹಾರಿಸಿ ಮುಂದೆ ಹೋದರೆ ಸತ್ಯವು ನೆಲದೊಳಗೆ ಹೂತುಹೋಗುತ್ತದೆ. ಎರಡೂ ಸಲ್ಲದು. ಆ ಹುಡುಗನು ಚಾಲಗೇಣಿಯ ಭಯವೆಂದರೇನೆಂದು ಆ ಹುಡುಗಿಯಿಂದ ಕೇಳಬೇಕು. ಆ ಹುಡುಗಿಯು ಬರಿದಾದ ಮನೆಯ ಸುದ್ದಿಯನ್ನು ಅವನಿಂದ ಕೇಳಬೇಕು. ಕೇಳಿದ ಮೇಲೆ, ಮಾಡಿದ ಕಾನೂನು ಏಕೆ ಅಗತ್ಯವಾಗಿತ್ತು, ಅದರಲ್ಲಿ ಇನ್ನೇನು ಇರಬೇಕಿತ್ತು ಎಂದು ಇಬ್ಬರೂ ಕೂಡಿ ಯೋಚಿಸಬೇಕು. ಮನೆಯ ಅಭಿಮಾನವನ್ನು ಬಿಡದೆ ನೆರೆಮನೆಯ ನ್ಯಾಯವನ್ನು ಒಪ್ಪುವ ಈ ಶಕ್ತಿ ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಮೂಡದಿದ್ದರೆ ಮುಂದೆ ಮೂಡುವುದು ಕಷ್ಟ.

ಕೊನೆಯ ನಿರೀಕ್ಷೆ ಕಲಿತದ್ದನ್ನು ನಡೆಯಲ್ಲಿ ತೋರುವುದು. ಸಂವಿಧಾನಕ್ಕೆ 1976ರಲ್ಲಿ ಹತ್ತು ಮೂಲಭೂತ ಕರ್ತವ್ಯಗಳನ್ನು ಸೇರಿಸಲಾಯಿತು. 2002ರಲ್ಲಿ ಹನ್ನೊಂದನೆಯದು ಕೂಡಿತು. ಸಂಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದು, ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಅವುಗಳಲ್ಲಿ ಸೇರಿವೆ. ಇವನ್ನು ಕಂಠಪಾಠ ಮಾಡಿದವನು ಶಾಲಾ ಸಂಸತ್ತಿನ ಚುನಾವಣೆಯಲ್ಲಿ ತನ್ನ ಜಾತಿಯವನೆಂಬ ಒಂದೇ ಕಾರಣಕ್ಕೆ ಮತ ಹಾಕಿದರೆ, ಅವನಿಗೆ ಬಂದ ಅಂಕಗಳೆಲ್ಲ ಸಾಲವಾಗಿ ಉಳಿಯುತ್ತವೆ. ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು, ಶಾಲೆಗೆ ಬರುವ ದಾರಿಯ ಕಾಲುಸಂಕ ಮಳೆಗಾಲದಲ್ಲಿ ಅಪಾಯವಾಗಿದೆಯೆಂದು ಹೆದರದೆ, ವಿನಯ ಬಿಡದೆ ಹೇಳಿದ ಹುಡುಗಿಯು ಒಂದೆರಡು ಇಸವಿಗಳನ್ನು ಮರೆತಿದ್ದರೂ ಪಾಠದ ಸಾರವನ್ನು ಮರೆತಿಲ್ಲ.

ನೋಡುವ ಕಣ್ಣು, ಕಾಲದ ಅರಿವು, ಆಧಾರವನ್ನು ತೂಗುವ ಬುದ್ಧಿ, ಪರರ ಮಾತಿಗೆ ತೆರೆದ ಕಿವಿ, ನಡೆಯಲ್ಲಿ ನಿಷ್ಠೆ—ಸಮಾಜ ಪಾಠವು ವಿದ್ಯಾರ್ಥಿಯಿಂದ ಕೇಳುವುದು ಇವನ್ನು. ಚಾಲಗೇಣಿಯ ಕಾಲವನ್ನು ಕಂಡವರು ಊರಿನಲ್ಲಿ ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಗದ್ದೆಗಳಲ್ಲಿ ಹಲವು ತೋಟಗಳಾಗಿವೆ; ಬೈಲು, ಮಜಲುಗಳ ಹೆಸರು ಹಿರಿಯರ ನಾಲಗೆಯ ಮೇಲಷ್ಟೇ ಉಳಿದಿದೆ. ಅವರ ಬಳಿ ಕುಳಿತು ಕೇಳಬೇಕಾದ ಪ್ರಶ್ನೆಗಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳುವಂತಿಲ್ಲ. ಬರೆಯುವ ಪುಸ್ತಕವನ್ನು ಹಿಡಿದು ಮನೆಯ ಚಾವಡಿಯಲ್ಲಿ ಅಜ್ಜನ ಪಕ್ಕ ಕುಳಿತುಕೊಳ್ಳುವ ವಿದ್ಯಾರ್ಥಿಯು ಆ ಸಂಜೆಯೇ ತನ್ನ ಪಾಠವನ್ನು ಆರಂಭಿಸಿದಂತೆ.